ಆಟದ ಗಳಿಕೆಗೆ ಕಾಯಕದ ಹೆಸರು ಬೇಡ



2024ರ ಬೇಸಿಗೆಯಲ್ಲಿ ಧನಗೆರೆಯ ನೆಂಟರ ಹುಳುಮನೆಗೆ ಹೋಗಿದ್ದೆ. ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಆಗಿನ ಅವುಗಳ ಹಸಿವು ಸಾಕಿದವರಿಗೆ ಗೊತ್ತು. ಸೊಪ್ಪು ಮೇಯುವ ಸದ್ದು ಮಳೆ ಸುರಿದಂತೆ ಕೇಳುತ್ತದೆ. ಆ ರಾತ್ರಿ ಸದ್ದೇ ಇರಲಿಲ್ಲ. ಸೊಪ್ಪು ಹಾಕಬೇಕಾದ ಹುಡುಗ ಮೂಲೆಯಲ್ಲಿ ಕುಳಿತು ಮೊಬೈಲನ್ನು ಬೆರಳಿನಿಂದ ಒಂದೇ ಸಮನೆ ಕುಟ್ಟುತ್ತಿದ್ದ. ಹ್ಯಾಮ್‌ಸ್ಟರ್ ಕೊಂಬ್ಯಾಟ್ ಎಂಬ ಆಟ. ಕುಟ್ಟಿದಷ್ಟೂ ನಾಣ್ಯ, ಮುಂದೆ ಅದು ಕ್ರಿಪ್ಟೋ ಹಣವಾಗುತ್ತದಂತೆ. ಗದರಿದೆ. ಅವನೆಂದ: "ಇದೂ ಒಂದ್ ಕಾಯಕ್ವೇ ಅಲ್ವಾ ದೊಡ್ಡಪ್ಪ?"

ಆ ಮಾತಿಗೆ ಉತ್ತರ ಕೊಡಲೆಂದೇ ಇದನ್ನು ಬರೆಯುತ್ತಿದ್ದೇನೆ. ಹುಡುಗರಷ್ಟೇ ಅಲ್ಲ, ಕೊರಳಲ್ಲಿ ಇಷ್ಟಲಿಂಗ ಧರಿಸಿದ ಹಿರಿಯರೂ ಹಾಗೆಯೇ ಹೇಳತೊಡಗಿದ್ದಾರೆ. "ಕುಡಿಯುವುದಿಲ್ಲ, ಕದಿಯುವುದಿಲ್ಲ, ಮನೆಯಲ್ಲೇ ಕೂತು ದುಡಿಯುತ್ತಾನೆ" ಎಂದು ಹೆಮ್ಮೆಪಡುವ ತಂದೆಯರನ್ನು ಕಂಡಿದ್ದೇನೆ.

ದುಡಿಮೆ ಎಂದರೇನು? ಹುಳು ಸಾಕಿದವನ ಗೂಡಿನಿಂದ ನೂಲು, ನೂಲಿನಿಂದ ಕೊಳ್ಳೇಗಾಲದ ಸೀರೆ. ಹಣ ಕೊಟ್ಟವನ ಕೈಗೆ ಒಂದು ವಸ್ತು ಸೇರುತ್ತದೆ. ಮೊಬೈಲು ಕುಟ್ಟಿದ್ದರಿಂದ ಯಾರ ಮೈಗೆ ಬಟ್ಟೆ ಬಂತು, ಯಾರ ಎಲೆಗೆ ಅನ್ನ ಬಿತ್ತು? ಹಾಗಾದರೆ ಬಹುಮಾನದ ಹಣ ಬರುವುದೆಲ್ಲಿಂದ?

ವಿಯೆಟ್ನಾಮಿನ ಕಂಪನಿಯೊಂದರ ಆಕ್ಸಿ ಇನ್ಫಿನಿಟಿ ಎಂಬ ಆಟವನ್ನು ನೋಡಿ. ಕೊರೋನಾ ಕಾಲದಲ್ಲಿ ಅದು ಫಿಲಿಪೈನ್ಸಿನ ಬಡವರ ನಡುವೆ ಹಬ್ಬಿತು. ಆಡಲು ಮೊದಲು ಮೂರು ಗೊಂಬೆಪ್ರಾಣಿಗಳನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಕೊಳ್ಳಲಾಗದವರಿಗೆ ಉಳ್ಳವರು ಅವನ್ನು ವಾರಕ್ಕೆ ಕೊಟ್ಟು ಗಳಿಕೆಯಲ್ಲಿ ಪಾಲು ಹಿಡಿಯುತ್ತಿದ್ದರು. ಅದಕ್ಕಿಟ್ಟ ಹೆಸರು ಸ್ಕಾಲರ್‌ಶಿಪ್! ನಮ್ಮ ಜಮೀನ್ದಾರರಿಗೂ ಇಷ್ಟು ಚೆಂದದ ಹೆಸರು ಹೊಳೆದಿರಲಿಲ್ಲ. ಗೆದ್ದವರಿಗೆ ಸಿಗುತ್ತಿದ್ದ ಟೋಕನ್ನಿನ ಮುಖ್ಯ ಉಪಯೋಗವೆಂದರೆ ಮತ್ತಷ್ಟು ಪ್ರಾಣಿಗಳನ್ನು ಹುಟ್ಟಿಸಿ ಹೊಸಬರಿಗೆ ಮಾರುವುದು. ಹೊಸಬರು ಬರುವುದು ನಿಂತಿತು, ಬೆಲೆಯೂ ಬಿತ್ತು. 2021ರ ಜುಲೈನಲ್ಲಿ 30 ಸೆಂಟ್ ದಾಟಿದ್ದ ಟೋಕನ್ ಮರುವರ್ಷದ ಜೂನ್ ಹೊತ್ತಿಗೆ 1 ಸೆಂಟಿಗಿಂತ ಕೆಳಗಿತ್ತು. ನಡುವೆ ಕಳ್ಳರು ಆಟದ ಖಜಾನೆಗೇ ಕನ್ನ ಹಾಕಿ ಸುಮಾರು 60 ಕೋಟಿ ಡಾಲರ್ ಹೊತ್ತೊಯ್ದರು. ಮೊದಲು ಬಂದವನ ಜೇಬು ತುಂಬಿದ್ದು ಕೊನೆಗೆ ಬಂದವನ ಸಾಲದಿಂದ. ಇದನ್ನು ಕಾಯಕವೆನ್ನುವುದೇ?

ನಮ್ಮ ಹುಡುಗನ ಆಟ ಪುಕ್ಕಟೆಯದು, ನಿಜ. ಅದನ್ನು 30 ಕೋಟಿ ಜನ ಆಡಿದ್ದಾರೆಂದು ಕಂಪನಿಯೇ ಹೇಳಿಕೊಂಡಿತ್ತು. 2024ರ ಸೆಪ್ಟೆಂಬರ್ 26ರಂದು ಟೋಕನ್ ಹಂಚಿದಾಗ ತಿಂಗಳುಗಟ್ಟಲೆ ಕುಟ್ಟಿದವರು ಎಲ್ಲೆಡೆ ಗೋಳಾಡಿದರು. ಇವನಿಗೆ ದಕ್ಕಿದ್ದು ನೂರಿಪ್ಪತ್ತು ರೂಪಾಯಿ. ಆ ಬೇಸಿಗೆಯ ಗೂಡಿನ ಬೆಳೆ ಅರ್ಧಕ್ಕರ್ಧ ಹೋಗಿತ್ತು. ಆಮೇಲೆ ಅವನು ಹಣ ಕಟ್ಟುವ ಆಟಗಳಿಗಿಳಿದ. ಪುಕ್ಕಟೆ ಆಟ ಅವನಿಗೆ ಹೊಸ್ತಿಲಾಗಿತ್ತು.

ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ಶರಣರ ಕಥೆ ಹೇಳುವಾಗಲೆಲ್ಲ ಇದನ್ನು ಹೇಳುತ್ತೇವೆ. ಆಯ್ದು ತಂದ ಅಕ್ಕಿಯೇ ಹೆಚ್ಚಾಯಿತೆಂದವಳ ಮುಂದೆ, ಇನ್ನೊಬ್ಬ ಕಳೆದುಕೊಂಡ ಹಣವನ್ನು ದಾಸೋಹಕ್ಕೆಂದು ಹಿಡಿದು ನಿಲ್ಲಲು ನಮಗೆ ಮುಖವಿದೆಯೇ?

"ಸರ್ಕಾರವೇ ತೆರಿಗೆ ಹಾಕಿದೆ, ಅಂದಮೇಲೆ ತಪ್ಪೇನು?" ಎನ್ನುವವರಿದ್ದಾರೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆಯಿದೆ. ಹೆಂಡಕ್ಕೂ ತೆರಿಗೆಯಿದೆ. ಕಾನೂನನ್ನೇ ನೆಚ್ಚಿಕೊಂಡು ಕೂರುವಂತೆಯೂ ಇಲ್ಲ. ಹಣ ಕಟ್ಟುವ ಆನ್‌ಲೈನ್ ಆಟಗಳ ಮೇಲೆ ನಮ್ಮ ರಾಜ್ಯ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು. ಅದರಲ್ಲಿ ಪಣವೆಂದರೆ ಟೋಕನ್ನೂ ಸೇರಿದೆ. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಒಳ್ಳೆಯದೇ. ಆದರೆ ಪಣವಿಲ್ಲದೆ ನಿದ್ದೆ ಕದಿಯುವ ಆಟಕ್ಕೆ ಆ ಬಲೆ ಬೀಳದು. ಪರದೇಶದಲ್ಲಿ ಕೂತು ಆಟ ನಡೆಸುವವನು ಕೊಳ್ಳೇಗಾಲದ ಠಾಣೆಗೆ ಸಿಗುವುದುಂಟೇ?

ಹಾಗೆಂದು ಹುಡುಗರನ್ನು ಹೊಡೆದು, ನಾಲ್ಕು ಜನರೆದುರು ಹಳಿಯುವುದೂ ಬೇಡ. ಕೈ ಬಿಡಲಾಗದ ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 'ಶಟ್' ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದವರು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ. ಮಠದ ಪ್ರಸಾದ ನಿಲಯಗಳ ಗೋಡೆಯ ಮೇಲೆ ಆ ಸಂಖ್ಯೆ ಬರೆಸಲು ಎಷ್ಟು ಖರ್ಚಾದೀತು?

ಇನ್ನೊಂದು ಮಾತು, ಕಹಿಯಾದರೂ ಹೇಳುತ್ತೇನೆ. ಗದರಿದ ದಿನ ಆ ಹುಡುಗ ಮತ್ತೂ ಒಂದು ಪ್ರಶ್ನೆ ಕೇಳಿದ್ದ: "ಯುಗಾದಿಗೆ ನೀವು ಇಸ್ಪೀಟ್ ಆಡಲ್ವಾ?" ಆಡುತ್ತೇವೆ. ಬೇವು ಬೆಲ್ಲ ತಿಂದ ಬಾಯಲ್ಲೇ ಜಗಲಿಯ ಮೇಲೆ ಎಲೆ ಹಾಕಿಸಿಕೊಂಡು, ಹಬ್ಬಕ್ಕೊಂದು ದಿನ ಎನ್ನುತ್ತೇವೆ. ಮಕ್ಕಳು ಪಕ್ಕದಲ್ಲೇ ಕೂತು ದುಡ್ಡು ಎಣಿಸಿಕೊಡುತ್ತಾರೆ. ಬರುವ ಯುಗಾದಿಗೆ ನಮ್ಮ ಜಗಲಿಗಳಲ್ಲಿ ಇಸ್ಪೀಟು ಹಾಸುವುದಿಲ್ಲವೆಂದು ಮಠದ ಶಿವಾನುಭವ ಗೋಷ್ಠಿಯಲ್ಲಿ ಹಿರಿಯರು ಮೊದಲು ಎದ್ದುನಿಂತು ಮಾತು ಕೊಡಲಿ. ಹುಡುಗರ ಮೊಬೈಲಿನ ವಿಚಾರವನ್ನು ಆಮೇಲೆ ಎತ್ತೋಣ.