ಸೋಸುಪೊರೆಯಲ್ಲಿ ಉಳಿದ ಲೋಹದ ಲೆಕ್ಕ

ಊರಿಗಾಂ, ಚಾಂಪಿಯನ್ ರೀಫ್, ಮೈಸೂರು, ನಂದಿದುರ್ಗ ಗಣಿಗಳ ಕಾಲದಲ್ಲಿ ಅದಿರಿನಲ್ಲಿದ್ದ ಚಿನ್ನದ ಪೈಕಿ ಕೈಗೆ ಬಂದದ್ದೆಷ್ಟು, ಮರಳಿನೊಡನೆ ಹೋದದ್ದೆಷ್ಟು ಎಂಬುದೇ ವ್ಯವಹಾರದ ಜೀವಾಳವಾಗಿತ್ತು. ಹೋದದ್ದು ಅಲ್ಪವೇನಲ್ಲ. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿದರೂ ಸೈನೈಡ್ ದಿಬ್ಬಗಳು ಉಳಿದವು. ಅಂತಹ 13 ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಹಿಂದೆ ಉಳಿದ ಲೋಹಕ್ಕೂ ಲೆಕ್ಕವುಂಟೆಂದು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ನೀರಿನ ಪರೀಕ್ಷಾ ವರದಿ ಕೈಗೆ ಬಂದಾಗ ಉದ್ಯಮಿಗಳು ಈ ಪ್ರಶ್ನೆಯನ್ನು ಕೇಳುವುದು ಅಪರೂಪ. ಲೋಹಲೇಪನದ ಘಟಕವಿರಲಿ, ಕೊಳವೆಬಾವಿಯ ನೀರನ್ನು ಬಳಸುವ ಆಹಾರ ಘಟಕವಿರಲಿ, ಅಂಕಿ ಮಿತಿಯೊಳಗಿದ್ದರೆ ವರದಿ ಕಡತ ಸೇರುತ್ತದೆ.

ಪ್ರಯೋಗಾಲಯದಲ್ಲಿ ಕರಗಿದ ಲೋಹವನ್ನು ಅಳೆಯಲು ನೀರನ್ನು 0.45 ಮೈಕ್ರಾನ್ ರಂಧ್ರದ ಪೊರೆಯಲ್ಲಿ ಸೋಸುತ್ತಾರೆ. ಕಣಗಳಿಗೆ ಅಂಟಿದ ಲೋಹ ಪೊರೆಯ ಮೇಲೆ ನಿಲ್ಲುವುದು ಸಹಜ, ಅದು ಉದ್ದೇಶಿತ. ತೊಡಕಿರುವುದು ಬೇರೆಡೆ. ಸೀಸ, ತಾಮ್ರಗಳಂತಹ ಲೋಹಗಳು ಕರಗಿದ್ದರೂ ಪೊರೆಗೆ, ಸೋಸುವ ಪಾತ್ರೆಗೆ, ಶೀಷೆಯ ಒಳಮೈಗೆ ಅಂಟಿಕೊಳ್ಳಬಲ್ಲವು. ನೀರು ಕದಡಿದ್ದರೆ ಪೊರೆಯ ರಂಧ್ರಗಳು ಕಟ್ಟಿಕೊಂಡು, ಮೊದಲು ದಾಟುತ್ತಿದ್ದ ಸೂಕ್ಷ್ಮ ಕಬ್ಬಿಣದ ಕಣಗಳೂ ಆಮೇಲೆ ದಾಟವು. ಅವುಗಳ ಬೆನ್ನಿಗೆ ಸೀಸವೂ ನಿಲ್ಲುತ್ತದೆ. ಇದಕ್ಕೆ ವಿರುದ್ಧವಾಗಿ, ತೊಳೆಯದ ಪೊರೆಯಿಂದ ಸತು ಇಳಿದು ಅಂಕಿ ಏರುವುದೂ ಉಂಟು.

ಪ್ರಮಾಣ ನೋಡಿದರೆ ವಿಷಯದ ಗಾಂಭೀರ್ಯ ತಿಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರಂತೆ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 100 ಮಿಲಿಲೀಟರಿನಲ್ಲಿ 1 ಮೈಕ್ರೋಗ್ರಾಂ. ಉದಾಹರಣೆಗೆ, ಅಷ್ಟು ನೀರಿನಲ್ಲಿ 1.2 ಮೈಕ್ರೋಗ್ರಾಂ ಸೀಸವಿದ್ದು ಸೋಸುವಾಗ 0.4 ಅಂಟಿ ಉಳಿದರೆ ವರದಿಯಲ್ಲಿ 0.008 ಎಂದು ಬರುತ್ತದೆ. ಮಿತಿ ಮೀರಿದ ನೀರು ಉತ್ತೀರ್ಣವಾಯಿತು! ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ಬರೆಯದೆ ಬಿಟ್ಟ ವ್ಯವಹಾರ ಅದರಲ್ಲಿ ಕಾಣದಿರುವಂತೆಯೇ ಇದು.

ವೆಚ್ಚ ಲೆಕ್ಕಶಾಸ್ತ್ರದಲ್ಲಿ ಸಾಮಾನ್ಯ ನಷ್ಟ, ಅಸಾಮಾನ್ಯ ನಷ್ಟವೆಂಬ ಭೇದವಿದೆ. ಪ್ರಯೋಗಾಲಯಕ್ಕೂ ಅದನ್ನು ಅನ್ವಯಿಸಬಹುದು. ಲೋಹರಹಿತ ನೀರನ್ನು ಅದೇ ಪೊರೆಯಲ್ಲಿ ಸೋಸಿ ನೋಡಿದರೆ ಹೊರಗಿನಿಂದ ಸೇರಿದ್ದು ತಿಳಿಯುತ್ತದೆ. ಗೊತ್ತಾದ ಪ್ರಮಾಣದ ಲೋಹವನ್ನು ಬೆರೆಸಿ ಸೋಸಿದರೆ ಶೇಕಡಾ ಎಷ್ಟು ಮರಳಿ ಬಂತೆಂಬುದು ತಿಳಿಯುತ್ತದೆ. ಕಸುಬು ಬಲ್ಲವರು ಪೊರೆಯನ್ನು ಮೊದಲೇ ದುರ್ಬಲ ಆಮ್ಲದಿಂದ ತೊಳೆದು, ಸೋಸಿಬಂದ ಮೊದಲ ಭಾಗವನ್ನು ಚೆಲ್ಲುತ್ತಾರೆ. ಅತಿ ಕಡಿಮೆ ದರದ ಪರೀಕ್ಷೆಯಲ್ಲಿ ಮೊದಲು ಕೈಬಿಡುವ ಕೆಲಸಗಳು ಇವೇ ಎಂದು ಸಂಶಯಿಸಿದರೆ ತಪ್ಪಾಗಲಾರದು. ಆದುದರಿಂದ ಒಬ್ಬೊಬ್ಬರೇ ದರಕ್ಕಾಗಿ ಚೌಕಾಸಿ ಮಾಡುವುದಕ್ಕಿಂತ ಹತ್ತು ಘಟಕಗಳು ಸೇರಿ ಒಂದೇ ಕಾರ್ಯಾದೇಶ ಕೊಟ್ಟು, ಈ ಎರಡು ಅಂಕಿಗಳನ್ನೂ ವರದಿಯಲ್ಲಿ ನಮೂದಿಸಬೇಕೆಂಬ ಷರತ್ತು ಹಾಕುವುದೇ ಲಾಭದಾಯಕ.

ಕ್ರಮವೂ ಮುಖ್ಯ. ಕರಗಿದ ಲೋಹ ಬೇಕಿದ್ದರೆ ನೀರು ತೆಗೆದ ಕೂಡಲೇ ಸೋಸಿ, ಆನಂತರ ನೈಟ್ರಿಕ್ ಆಮ್ಲದಿಂದ ಪಿಎಚ್ 2ಕ್ಕಿಂತ ಕೆಳಗೆ ಇಳಿಸಬೇಕು. ಮೊದಲೇ ಆಮ್ಲ ಹಾಕಿದರೆ ಕಣಗಳ ಲೋಹವೂ ಕರಗಿ ಅಂಕಿ ಉಬ್ಬುತ್ತದೆ. ಒಟ್ಟು ಲೋಹ ಬೇಕಿದ್ದರೆ ಸೋಸಲೇಬಾರದು. ವರದಿಯಲ್ಲಿ ಬರಿದೆ ‘ಸೀಸ’ ಎಂದಿದ್ದರೆ ಯಾವುದನ್ನು ಅಳೆದರೆಂದು ಹೇಗೆ ತಿಳಿಯಬೇಕು?

ಜಲ ಮಾಲಿನ್ಯ ಕಾಯಿದೆ, 1974ರ 21ನೆಯ ಪ್ರಕರಣದಂತೆ ಮಂಡಳಿಯ ಅಧಿಕಾರಿ ತ್ಯಾಜ್ಯನೀರಿನ ಮಾದರಿಯನ್ನು ಘಟಕದವರ ಸಮ್ಮುಖದಲ್ಲಿ ಎರಡು ಭಾಗ ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು. ಘಟಕದವರು ಕೋರಿದರೆ ಎರಡನೆಯ ಭಾಗ ಬೇರೆ ಪ್ರಯೋಗಾಲಯಕ್ಕೆ ಹೋಗುತ್ತದೆ. ಒಂದು ಭಾಗಕ್ಕೆ ಸ್ಥಳದಲ್ಲೇ ಆಮ್ಲ ಹಾಕಿ, ಇನ್ನೊಂದು ಹಾಗೆಯೇ ದಿನಗಟ್ಟಲೆ ಶೀಷೆಯಲ್ಲಿ ಕುಳಿತರೆ ಎರಡು ವರದಿಗಳು ತಾಳೆಯಾಗವು. ಆಗ ಪರಸ್ಪರ ಅಪನಂಬಿಕೆಯಷ್ಟೇ ಉಳಿಯುತ್ತದೆ. ಸಹಿ ಹಾಕುವ ಮುನ್ನ ಎರಡು ಶೀಷೆಗಳ ಚೀಟಿಯಲ್ಲೂ ಆಮ್ಲ ಹಾಕಿದೆಯೇ, ಸೋಸಿದೆಯೇ, ಎಷ್ಟು ಗಂಟೆಗೆ ಎಂಬುದನ್ನು ಬರೆಸಿಕೊಳ್ಳಲು ಘಟಕದವರಿಗೆ ಎರಡು ನಿಮಿಷ ಸಾಕು.