ಅಪ್ಪನ ವಿಮಾನಕ್ಕೆ ಪರದೆ ಇತ್ತು

ಶಿವಾಜಿನಗರ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಟ್ರಾವೆಲ್ಸ್ ಅಂಗಡಿಯ ಬೋರ್ಡಿನ ಮೇಲೆ ವರ್ಷಗಟ್ಟಲೆ ಒಂದು ವಿಮಾನ ಹಾರುತ್ತಾ ಇತ್ತು. ಬರೆದವರು ನಮ್ಮಪ್ಪ. ಆ ವಿಮಾನದ ಪ್ರತಿ ಕಿಟಕಿಗೂ ನೀಲಿ ಪರದೆ. ಎರಡೂ ಕಡೆ ಸರಿಸಿ ಕಟ್ಟಿದ್ದು, ಥೇಟ್ ಧರ್ಮಸ್ಥಳದ ಟೂರಿಸ್ಟ್ ಬಸ್ಸಿನ ಥರ. ಅಪ್ಪ ವಿಮಾನ ಹತ್ತಿದವರಲ್ಲ. ಎಚ್‌ಎಎಲ್ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳ ಹೊಟ್ಟೆಯನ್ನು ಕೆಳಗಿನಿಂದ ನೋಡಿದ್ದರು ಅಷ್ಟೇ. ಒಳಗೆ ಹೇಗಿರುತ್ತೆ ಅನ್ನೋದನ್ನ ಊಹೆ ಮಾಡಿ ಬರೆದುಬಿಟ್ಟಿದ್ದರು.

ಅಪ್ಪ ಸೈನ್‌ಬೋರ್ಡ್ ಪೇಂಟರ್. ಶಿವಾಜಿನಗರ, ಹಲಸೂರು, ಫ್ರೇಜರ್ ಟೌನ್ ಅವರ ಏರಿಯಾ. ಕನ್ನಡ, ತಮಿಳು, ಉರ್ದು, ಇಂಗ್ಲಿಷ್ ನಾಲ್ಕೂ ಬರೆಯುತ್ತಿದ್ದರು, ಓದಲು ಬರುತ್ತಿದ್ದದ್ದು ಕನ್ನಡ, ತಮಿಳು ಮಾತ್ರ. ಉರ್ದುವನ್ನ ಅಂಗಡಿಯವರು ಚೀಟಿಯಲ್ಲಿ ಬರೆದು ಕೊಟ್ಟರೆ ಅದನ್ನೇ ಚಿತ್ರ ಅಂದುಕೊಂಡು, ಬಲಗಡೆಯಿಂದ ಶುರು ಮಾಡಿ ಇಳಿಸುತ್ತಿದ್ದರು. ಸೀಮೆಸುಣ್ಣ ಮೆತ್ತಿದ ದಾರವನ್ನು ಬಿಗಿಯಾಗಿ ಹಿಡಿದು ಫಟ್ ಅಂತ ಬಿಟ್ಟರೆ ತಗಡಿನ ಮೇಲೆ ಬಿಳಿ ಗೆರೆ ಬೀಳೋದು. ಆ ದಾರದ ಇನ್ನೊಂದು ತುದಿ ಹಿಡಿಯೋದು ಭಾನುವಾರಗಳಲ್ಲಿ ನನ್ನ ಕೆಲಸ. ಮನೆ ತುಂಬಾ ಟರ್ಪೆಂಟೈನ್ ವಾಸನೆ.

ಪಿಯುಸಿಯಲ್ಲಿ ನಾನು ಕೋರಲ್‌ಡ್ರಾ ಕಲಿತೆ. ಸಂಜೆ ಹೊತ್ತು ಒಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ಡಿಸೈನ್ ಮಾಡಿ ಕೊಡ್ತಿದ್ದೆ, ಕೈಗೆ ಒಂದಿಷ್ಟು ದುಡ್ಡು. ಒಂದು ದಿನ ಆ ಟ್ರಾವೆಲ್ಸ್ ಓನರ್ ಬಂದರು. ನೆಟ್‌ನಿಂದ ಒಂದು ಬೋಯಿಂಗ್ ಫೋಟೊ ಇಳಿಸಿ, ಹಿಂದೆ ಮೋಡ ಹಾಕಿ, ಅರ್ಧ ಗಂಟೆಯಲ್ಲಿ ಮುಗಿಸಿದೆ. ಅದು ಯಾವ ಅಂಗಡಿ, ಯಾವ ಬೋರ್ಡ್ ಕೆಳಗೆ ಇಳಿಯುತ್ತೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಏನೂ ಅನ್ನಲಿಲ್ಲ. 'ಎಷ್ಟು ಕೊಟ್ರು?' ಅಂತ ಕೇಳಿದರು, ಅಷ್ಟೇ. ಆಮೇಲಾಮೇಲೆ ಅಪ್ಪನ ಕೆಲಸ ಬೋರ್ಡಿನಿಂದ ಗೇಟಿಗೆ, ಗೇಟಿನಿಂದ ಲಾರಿಗಳ ನಂಬರ್ ಪ್ಲೇಟಿಗೆ ಇಳಿಯಿತು. ನಾನು ಇಂಜಿನಿಯರಿಂಗ್ ಮುಗಿಸಿ ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಸೇರಿದೆ.

ಈ ಕಥೆ ಯಾಕೆ ನೆನಪಾಯಿತು ಅಂದ್ರೆ, 2023ರ ಚಳಿಗಾಲದಲ್ಲಿ ಕಂಪನಿ ನನ್ನನ್ನ ಕೆಲವು ತಿಂಗಳು ಸ್ವಿಟ್ಜರ್‌ಲೆಂಡಿನ ಬಾಸೆಲ್‌ಗೆ ಕಳಿಸಿತ್ತು. ಭಾನುವಾರ ಅಲ್ಲಿ ಅಂಗಡಿಗಳು ಬಂದ್. ಬೇಜಾರಿಗೆ 6ನೇ ನಂಬರಿನ ಟ್ರಾಮ್ ಹತ್ತಿ ರೀಹೆನ್ ಅನ್ನೋ ಪಕ್ಕದ ಊರಿನ ಬೇಯೆಲರ್ ಮ್ಯೂಸಿಯಂಗೆ ಹೋದೆ. ನಡೀತಾ ಇದ್ದದ್ದು ನಿಕೊ ಪಿರೋಸ್ಮಾನಿ ಅನ್ನೋ ಜಾರ್ಜಿಯಾದ ಕಲಾವಿದನ ಪ್ರದರ್ಶನ. ಜಾರ್ಜಿಯಾ ಅಂದ್ರೆ ಅಮೆರಿಕದ್ದಲ್ಲ, ಕಪ್ಪು ಸಮುದ್ರದ ಪಕ್ಕದ್ದು. ಆ ಹೆಸರು ನಾನು ಕೇಳಿಯೇ ಇರಲಿಲ್ಲ.

ಮೊದಲ ಕೋಣೆಯಲ್ಲೇ ಕಾಲು ನಿಂತುಬಿಡ್ತು. ಕೆಂಪು ಅಂಗಿ ತೊಟ್ಟ ಒಬ್ಬ ಮೀನುಗಾರ, ಒಂದು ಕೈಯಲ್ಲಿ ಮೀನು, ಇನ್ನೊಂದರಲ್ಲಿ ಬಕೆಟ್, ನೇರವಾಗಿ ನನ್ನನ್ನೇ ನೋಡ್ತಾ ನಿಂತಿದ್ದಾನೆ. ಇದನ್ನ ನಾನು ರಸೆಲ್ ಮಾರ್ಕೆಟ್ ಹತ್ತಿರದ ಯಾವುದೋ ಅಂಗಡಿ ಮೇಲೆ ನೋಡಿದ್ದೀನಲ್ಲಾ ಅನ್ನಿಸಿತು. ಆಮೇಲೆ ಬಂತು ಜಿರಾಫೆ. ಮುಖದಲ್ಲಿ ಹಸುವಿನ ಸಂಕಟ, ಮೈಮೇಲೆ ಕಪ್ಪು ಚುಕ್ಕೆ, ಜಿರಾಫೆಯನ್ನ ಕಣ್ಣಾರೆ ಕಂಡವರು ಹೀಗೆ ಬರೆಯಲ್ಲ. ನನಗೆ ಪರದೆ ಕಟ್ಟಿದ ವಿಮಾನ ನೆನಪಾಗಿ ಅಲ್ಲೇ ನಗು ಬಂತು. ಸೆಕ್ಯುರಿಟಿಯವನು ಒಮ್ಮೆ ತಿರುಗಿ ನೋಡಿದ.

ಓದಿದರೆ, ಪಿರೋಸ್ಮಾನಿಯೂ ಬೋರ್ಡ್ ಪೇಂಟರೇ! 1862ರಲ್ಲಿ ಮಿರ್ಜಾನಿ ಅನ್ನೋ ಹಳ್ಳಿಯ ರೈತರ ಮನೆಯಲ್ಲಿ ಹುಟ್ಟಿದವನು. ಯಾವ ಸ್ಕೂಲಲ್ಲೂ ಚಿತ್ರ ಕಲಿತಿಲ್ಲ. ರೈಲ್ವೆಯಲ್ಲಿ ಸ್ವಲ್ಪ ದಿನ ಕೆಲಸ, ಆಮೇಲೆ ಒಂದು ಹಾಲಿನಂಗಡಿ, ಅದೂ ಕೈ ಹಿಡಿಯಲಿಲ್ಲ. ಟಿಬಿಲಿಸಿಯ ಹೆಂಡದಂಗಡಿಗಳಿಗೆ ಬೋರ್ಡು, ಗೋಡೆಗೆ ಚಿತ್ರ ಬರೆದುಕೊಟ್ಟು, ಎಷ್ಟೋ ಸಲ ಕೂಲಿಗೆ ಬದಲು ಊಟ, ಕುಡಿತ, ಮಲಗಲು ಒಂದು ಮೂಲೆ ಪಡೀತಿದ್ದ. ಬರೆಯುತ್ತಿದ್ದದ್ದು ಕ್ಯಾನ್ವಾಸ್ ಮೇಲಲ್ಲ, ಕಪ್ಪು ಎಣ್ಣೆಬಟ್ಟೆ ಮೇಲೆ. ಕಪ್ಪು ಬೇಕಾದ ಕಡೆ ಬಣ್ಣ ಹಚ್ಚದೆ ಬಟ್ಟೆಯನ್ನ ಹಾಗೇ ಬಿಡೋದು.

1912ರಲ್ಲಿ ಇಲ್ಯಾ ಮತ್ತು ಕಿರಿಲ್ ಜ್ದಾನೆವಿಚ್ ಅನ್ನೋ ಅಣ್ಣತಮ್ಮಂದಿರು, ಅವರ ಗೆಳೆಯ ಲೆ ದಾಂತ್ಯು ಹೆಂಡದಂಗಡಿಯ ಗೋಡೆ ನೋಡಿ ಬೆರಗಾದರು. ಮರುವರ್ಷ ಮಾಸ್ಕೋದ ಪ್ರದರ್ಶನದಲ್ಲಿ ಅವನ ಚಿತ್ರಗಳು ತೂಗಾಡಿದವು. 1916ರಲ್ಲಿ ಜಾರ್ಜಿಯಾದ ಕಲಾವಿದರ ಸಂಘ ಅವನನ್ನ ಸಭೆಗೆ ಕರೆಯಿತು. ಸ್ವಲ್ಪ ದಿನಕ್ಕೆ ಒಂದು ಪತ್ರಿಕೆ ಅವನನ್ನ ಗೇಲಿ ಮಾಡಿ ಕಾರ್ಟೂನ್ ಹಾಕಿತು. ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. 1918ರಲ್ಲಿ ಬಡತನದಲ್ಲೇ ಸತ್ತ, ಸಮಾಧಿ ಎಲ್ಲಿದೆ ಅಂತ ಕೂಡ ಗೊತ್ತಿಲ್ಲ. ಈಗ ಜಾರ್ಜಿಯಾದ 1 ಲಾರಿ ನೋಟಿನ ಮೇಲೆ ಅವನದೇ ಮುಖ. ನಟಿಯೊಬ್ಬಳಿಗೆ ಬೀದಿ ತುಂಬಾ ಹೂ ಕಳಿಸಿದ ಅನ್ನೋ ಪ್ರೇಮಕಥೆಯನ್ನೂ ಹೇಳ್ತಾರೆ. ನನಗೆ ಅದಕ್ಕಿಂತ ಆ ಕಾರ್ಟೂನೇ ಜಾಸ್ತಿ ಚುಚ್ಚಿತು.

ರೂಮಿಗೆ ಬಂದು ಅಪ್ಪನಿಗೆ ವಿಡಿಯೊ ಕಾಲ್ ಮಾಡಿ, ವಾಟ್ಸಾಪ್‌ನಲ್ಲಿ ಫೋಟೊಗಳನ್ನ ಕಳಿಸಿದೆ. ಕಪ್ಪು ಬಟ್ಟೆ ವಿಷಯ ಹೇಳಿದ ತಕ್ಷಣ ಕನ್ನಡಕ ಏರಿಸಿಕೊಂಡರು. 'ನಾನೂ ಅದೇ ಮಾಡ್ತಿದ್ದೆ ಕಣೋ. ಮೊದ್ಲು ತಗಡಿಗೆಲ್ಲಾ ಕಪ್ಪು ಹೊಡೀಬೇಕು, ಅಕ್ಷರದ ನೆರಳಿಗೆ ಅದನ್ನೇ ಬಿಡಬೇಕು. ಪೇಂಟ್ ಉಳಿಯುತ್ತೆ.' ಜಿರಾಫೆ ನೋಡಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, 'ಕಾಲು ಒಂಚೂರು ಗಿಡ್ಡ ಆಯ್ತು' ಅಂದರು.

ವಾಪಸ್ ಬಂದ ಮೇಲೆ ಅವರನ್ನ ಪ್ಯಾಲೇಸ್ ರಸ್ತೆಯ ಎನ್‌ಜಿಎಂಎಗೆ, ಅಂದ್ರೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಕರೆದುಕೊಂಡು ಹೋಗಬೇಕು ಅಂತ ಹಟ ಹಿಡಿದೆ. ಮಾಣಿಕ್ಯವೇಲು ಮ್ಯಾನ್ಷನ್ ಅನ್ನೋ ಹಳೇ ಬಂಗಲೆಯಲ್ಲಿ 2009ರಿಂದ ಇದೆ. ಕಂಟೋನ್ಮೆಂಟ್ ಸ್ಟೇಷನ್‌ನಿಂದ ಆಟೋದಲ್ಲಿ ಹತ್ತು ನಿಮಿಷ. ಆ ರಸ್ತೆಯಲ್ಲಿ ಏಣಿ ಹೊತ್ತುಕೊಂಡು ಎಷ್ಟೋ ಸಲ ಸೈಕಲ್ ತುಳಿದಿದ್ದ ಅಪ್ಪ ಒಂದು ಸಲವೂ ಗೇಟಿನ ಒಳಗೆ ಹೋಗಿರಲಿಲ್ಲ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಮಾತ್ರ ತಪ್ಪಿಸಲ್ಲ, ಅದು ಫುಟ್‌ಪಾತಲ್ವಾ, ಯಾರೂ ಏನೂ ಕೇಳಲ್ಲ. ಇಲ್ಲಿ ಗೇಟ್ ಹತ್ತಿರ 'ಚಪ್ಪಲಿ ಬಿಡಬೇಕಾ?' ಅಂತ ಪಿಸುಗುಟ್ಟಿದರು.

ಒಳಗೆ ಅವರು ನನ್ನ ಹಾಗೆ ಲೇಬಲ್ ಓದಲಿಲ್ಲ. ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಆಮೇಲೆ ಪಕ್ಕಕ್ಕೆ ನಿಂತು ಬೆಳಕಿಗೆ ನೋಡೋದು. ಜಾಮಿನಿ ರಾಯ್ ಮುಂದೆ ಬಲಗೈ ಎತ್ತಿ ಗಾಳಿಯಲ್ಲೇ ಗೆರೆ ಎಳೆದರು. 'ಇದು ಒಂದೇ ಎಳೆತ. ಮಧ್ಯ ಬ್ರಷ್ ಎತ್ತಿಲ್ಲ. ಉಸಿರು ಬಿಗಿ ಹಿಡಿದಿದ್ದಾನೆ.' ಕಾಲೇಜಲ್ಲಿ ಪಾಶ್ಚಾತ್ಯ ಶೈಲಿ ಕಲಿತ ರಾಯ್ ಅದನ್ನ ಬಿಟ್ಟು ಕಾಳಿಘಾಟ್ ದೇವಸ್ಥಾನದ ಬೀದಿಯಲ್ಲಿ ಮಾರುವ ಅಗ್ಗದ ಪಟಗಳಿಂದ ಗೆರೆ ಕಲಿತರು ಅಂತ ನಾನು ವಿಕಿಪೀಡಿಯ ಜ್ಞಾನ ಬಿಚ್ಚಿದೆ. ಅಪ್ಪನಿಗೆ ಅದು ಆಶ್ಚರ್ಯ ಅನ್ನಿಸಲೇ ಇಲ್ಲ. ಹುಸೇನ್ ಬಾಂಬೆಯಲ್ಲಿ ಸಿನಿಮಾ ಹೋರ್ಡಿಂಗ್ ಬರೀತಿದ್ದದ್ದು, ಯೂಸುಫ್ ಅರಕ್ಕಲ್ ಎಚ್‌ಎಎಲ್‌ನಲ್ಲಿ ಕೆಲಸ ಮಾಡ್ತಿದ್ದದ್ದು ಅವರಿಗೆ ಮೊದಲೇ ಗೊತ್ತು. ಕೇರಳದಿಂದ ಹುಡುಗನಾಗಿದ್ದಾಗಲೇ ಓಡಿಬಂದು, ಫ್ಯಾಕ್ಟರಿ ನೌಕರಿ ಬಿಟ್ಟು, ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು ದೊಡ್ಡ ಕಲಾವಿದರಾದ ಅರಕ್ಕಲ್ 2016ರಲ್ಲಿ ತೀರಿಕೊಂಡಾಗ ಅಪ್ಪ ಪೇಪರ್ ಕಟಿಂಗ್ ಎತ್ತಿಟ್ಟಿದ್ದರಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ.

ಹೊರಗೆ ಮರದ ಕೆಳಗೆ ಕೂತಾಗ ನಾನು ಕೇಳಿದೆ, 'ನಿಮ್ಮ ಬೋರ್ಡು ಒಂದಾದ್ರೂ ಉಳಿದಿದೆಯಾ?' ಅವರು ನೆನಪು ಮಾಡಿಕೊಂಡರು. ಹಲಸೂರಿನ ಒಂದು ಟೈಲರ್ ಅಂಗಡಿ, ಈಗ ಮೊಬೈಲ್ ಅಂಗಡಿ. ಕಾಮರಾಜ್ ರಸ್ತೆಯದ್ದು ಬಿಲ್ಡಿಂಗೇ ಇಲ್ಲ. ವಿಮಾನದ್ದು? 'ಅದರ ತಗಡು ಅವರ ಸಂಪಿಗೆ ಮುಚ್ಚಳ ಆಗಿತ್ತು. ಅದೂ ತುಕ್ಕು ಹಿಡಿದು ಹೋಯ್ತು.' ಯಾರ ಹತ್ತಿರವೂ ಫೋಟೊ ಇಲ್ಲ. ಆ ಫ್ಲೆಕ್ಸ್ ವಿಷಯಕ್ಕೆ ಸಾರಿ ಅಂತ ಹೇಳೋಣ ಅಂದುಕೊಂಡೆ. ಬಾಯಿಗೆ ಬಂದದ್ದು 'ಕಾಫಿ ಕುಡಿಯೋಣ್ವಾ' ಅಂತ.

ಅದು 2024ರ ಫೆಬ್ರವರಿ. ನಿಮಗೆ ನೆನಪಿರಬಹುದು, ಅಂಗಡಿ ಬೋರ್ಡಲ್ಲಿ ಶೇಕಡ 60 ಕನ್ನಡ ಇರಬೇಕು, 28ನೇ ತಾರೀಖು ಗಡುವು ಅಂತ ಬಿಬಿಎಂಪಿ ಹೇಳಿ, ಇಂದಿರಾನಗರದಿಂದ ಕಮರ್ಷಿಯಲ್ ಸ್ಟ್ರೀಟ್ ತನಕ ಎಲ್ಲರಿಗೂ ಗಡಿಬಿಡಿ. ಪ್ರಿಂಟಿಂಗ್‌ನವರಿಗೆ ಪುರುಸೊತ್ತೇ ಇಲ್ಲ. ಕೆಲವರು ಇಂಗ್ಲಿಷ್ ಬೋರ್ಡಿಗೆ ಬಟ್ಟೆ ಮುಚ್ಚಿ ಕೂತಿದ್ದರು. ಗಡುವಿಗೆ ಮೂರು ದಿನ ಇರುವಾಗ ಟ್ರಾವೆಲ್ಸ್ ಓನರ್ ಅಪ್ಪನಿಗೆ ಫೋನ್ ಮಾಡಿದರು. ಈಗ ಅಂಗಡಿ ನೋಡಿಕೊಳ್ಳೋದು ಅವರ ಮಗ, ಆದರೆ ನಂಬರ್ ಅಪ್ಪನದೇ ಇಟ್ಟುಕೊಂಡಿದ್ದರು.

ಆಫೀಸಿಗೆ ರಜೆ ಹಾಕಿ ನಾನೂ ಹೋದೆ, ದಾರ ಹಿಡಿಯಲು. ಅಪ್ಪನ ಕೈ ಸ್ವಲ್ಪ ನಡುಗುತ್ತೆ. ಎಡಗೈಯಲ್ಲಿ ಕೋಲು ಆನಿಸಿ, ಅದರ ಮೇಲೆ ಬಲಗೈ ಮಣಿಕಟ್ಟು ಇಟ್ಟರೆ ಮಾತ್ರ ನಿಲ್ಲುತ್ತೆ. ಕನ್ನಡದ ಹೆಸರು ಬರೆಯಲು ಮಧ್ಯಾಹ್ನ ಆಯಿತು. ವ ಅಕ್ಷರದ ಹೊಟ್ಟೆಯನ್ನ ಎರಡು ಸಲ ಒರೆಸಿ ಬರೆದರು. ಕೆಳಗೆ ಇನ್ನೂ ಒಂದಡಿ ಜಾಗ ಇತ್ತು.

'ಇಲ್ಲಿ ಒಂದು ವಿಮಾನ ಹಾಕ್ಲಾ?' ಅಂತ ಓನರ್ ಮಗನನ್ನ ಕೇಳಿದರು. ಅವನು ಫೋನಿನಿಂದ ತಲೆ ಎತ್ತದೆ ಹೂಂ ಅಂದ. ಅಪ್ಪ ನನ್ನ ಕಡೆ ತಿರುಗಿದರು.

'ನೀನು ಹತ್ತಿದ್ಯಲ್ಲ. ಕಿಟಕಿಗೆ ಪರದೆ ಇರಲ್ಲ ಅಲ್ವಾ?'

'ಇರಲ್ಲ. ಒಂದು ಮುಚ್ಚಳ ಥರ ಇರುತ್ತೆ, ಮೇಲೆ ಕೆಳಗೆ ಎಳೀಬಹುದು.'

ನೀಲಿ ಡಬ್ಬಿಯ ಮುಚ್ಚಳ ತೆಗೆದು, ಕಡ್ಡಿಯಲ್ಲಿ ಸ್ವಲ್ಪ ಹೊತ್ತು ಕಲಕಿದರು. 'ಮುಚ್ಚಳ ಬರೆದ್ರೆ ಯಾರಿಗೂ ಕಾಣಲ್ಲ ಬಿಡು' ಅಂದರು.

ಸಂಜೆ ಹೊತ್ತಿಗೆ ಆರು ಕಿಟಕಿಗೂ ಪರದೆ ಬಂದಿತ್ತು. ನಾನು ಈ ಸಲ ನಾಲ್ಕು ಫೋಟೊ ತೆಗೆದುಕೊಂಡೆ. ಮೂರು ಸಾವಿರಕ್ಕೆ ಮಾತಾಗಿತ್ತು, ಎರಡು ಕೊಟ್ಟರು, ಉಳಿದದ್ದು ಆಮೇಲೆ ಅಂದಿದ್ದಾರೆ.