ಉಸಿರಿನ ದಾನಕ್ಕೆ ತಾಯ್ನುಡಿಯ ಮಾತು ಬೇಕು

ದಾನಿಯ ದೇಹದಿಂದ ತೆಗೆದ ಶ್ವಾಸಕೋಶ ಬಲು ನಾಜೂಕಿನದು. ಮಂಜಿನ ಪೆಟ್ಟಿಗೆಯಲ್ಲಿಟ್ಟರೆ 6ರಿಂದ 8 ಗಂಟೆಗಳಷ್ಟೇ ಅದರ ಬಾಳಿಕೆ. ಮೆದುಳು ಸತ್ತವರ ಶ್ವಾಸಕೋಶಗಳಲ್ಲಿ ಹೆಚ್ಚಿನವು ನೀರು ತುಂಬಿಯೋ ಸೋಂಕು ತಗಲಿಯೋ ಕಸಿಗೆ ಒದಗದೆ ಹೋಗುತ್ತವೆ. ಸ್ವೀಡನ್ನಿನ ಲುಂಡ್ ನಗರದಲ್ಲಿ ಡಾ. ಸ್ಟಿಗ್ ಸ್ಟೀನ್ 2000ದಲ್ಲಿ ಮಾಡಿ ತೋರಿಸಿದ, ಟೊರಾಂಟೊದ ವೈದ್ಯರು 2011ರ ವರದಿಯಲ್ಲಿ ಸಮರ್ಥಿಸಿದ ವಿಧಾನ ಇದಕ್ಕೊಂದು ಪರಿಹಾರ. ಶ್ವಾಸಕೋಶವನ್ನು ಪಾರದರ್ಶಕ ಗುಮ್ಮಟದೊಳಗೆ 37 ಡಿಗ್ರಿಯಲ್ಲಿ ಬೆಚ್ಚಗಿಟ್ಟು, ರಕ್ತನಾಳಗಳಲ್ಲಿ ದ್ರಾವಣ ಹರಿಸಿ, ಯಂತ್ರದಿಂದ ಉಸಿರಾಡಿಸಿ ಕೆಲವು ಗಂಟೆ ಪರೀಕ್ಷಿಸುತ್ತಾರೆ. ಶಂಕೆಯಿಂದ ಕೈಬಿಡುತ್ತಿದ್ದ ಎಷ್ಟೋ ಶ್ವಾಸಕೋಶಗಳು ಹೀಗೆ ಯೋಗ್ಯವೆನಿಸಿವೆ.

9 ತಿರುವುಗಳ ತಾಮರಶ್ಶೇರಿ ಘಾಟಿ ಇಳಿಯಬೇಕಾದ ವಯನಾಡಿನವರಾದ ನಮಗೆ ಗಂಟೆಗಳ ಬೆಲೆ ಗೊತ್ತು. ಆದರೆ ಯಂತ್ರ ಉಳಿಸಿಕೊಡುವ ಗಂಟೆಗಳಿಗೂ ಮುಂಚೆ ಬರುವ ಗಳಿಗೆಯೊಂದಿದೆ. 1994ರ ಅಂಗಾಂಗ ಕಸಿ ಕಾನೂನಿನಂತೆ 4 ವೈದ್ಯರ ಮಂಡಳಿ 6 ಗಂಟೆಗಳ ಅಂತರದಲ್ಲಿ 2 ಬಾರಿ ಪರೀಕ್ಷಿಸಿ ಮೆದುಳು ಸತ್ತಿದೆಯೆಂದು ದೃಢಪಡಿಸಬೇಕು, ಮನೆಯವರು ಒಪ್ಪಬೇಕು. ಎದೆ ಏರಿಳಿಯುತ್ತಿರುವಾಗ ಸಾವನ್ನು ನಂಬುವುದೇ ಕಷ್ಟ. ಅದನ್ನು ಪರಭಾಷೆಯಲ್ಲಿ ಕೇಳಿ ಸಹಿ ಹಾಕುವುದು ಇನ್ನೂ ಕಷ್ಟ. ನಮ್ಮ ಹಿರಿಯರು ಪೇಟೆಯಲ್ಲಿ ಮಲಯಾಳ ಆಡಬಲ್ಲರು, ಅಳುವುದು ಕನ್ನಡದಲ್ಲಿಯೇ.

ಕೇರಳದಲ್ಲಿ 2012ರಲ್ಲಿ ಆರಂಭವಾದ ಮೃತಸಂಜೀವನಿ ಯೋಜನೆಯ ನಮೂನೆಗಳೂ ವಿವರಣೆಯೂ ಕನ್ನಡ ಕುಟುಂಬಗಳಿಗೆ ಕನ್ನಡದಲ್ಲಿಯೇ ದೊರೆಯಬೇಕೆಂದು ಸರಕಾರವನ್ನು ಒತ್ತಾಯಿಸುತ್ತೇವೆ. ನಾವೂ ಸುಮ್ಮನಿರಬಾರದು. ಆಸ್ಪತ್ರೆಯ ಬಾಗಿಲಲ್ಲಿ ಆಡಬೇಕಾದ ಮಾತನ್ನು ಮನೆಮಂದಿ ಜಗಲಿಯಲ್ಲಿ ಕೂತು ಈಗಲೇ ಆಡಿಕೊಳ್ಳಲಿ.